ಬಿಡು ಅಂದವಳು

ವಾಕ್ಯ ತಯಾರಾಗಿತ್ತು. ಹಲ್ಲುಜ್ಜುವಾಗ ಒಂದು ಸಲ, ಸ್ಕಾರ್ಫನ್ನು ಹಿಂದಕ್ಕೆ ಬಿಗಿದು ಪಿನ್ ಚುಚ್ಚುವಾಗ ಇನ್ನೊಂದು ಸಲ ಅರ್ಶಿಯಾ ಅದನ್ನು ಒಳಗೊಳಗೇ ಹೇಳಿ ನೋಡಿದ್ದಳು. ‘ಹೋದ ವರ್ಷ ತ್ರಿಪುರ ಆ ಬಾಲ್ ಬಿಟ್ಟಿದ್ದು ನಾನು ಬಿಡು ಅಂತ ಕೂಗಿದ್ದಕ್ಕೆ.’ ಬೆರಳಲ್ಲಿ ಎಣಿಸಿದರೆ ಹತ್ತೇ ಪದ. ಬಿ.ಕಾಂ. ಕೊನೆಯ ವರ್ಷಕ್ಕೆ ಬಂದವಳಿಗೆ, ಅದೂ ಕೊಪ್ಪದ ಕಾಲೇಜಿನ ಥ್ರೋಬಾಲ್ ತಂಡಕ್ಕೆ ಹೋದ ವರ್ಷದಿಂದ ಕ್ಯಾಪ್ಟನ್ ಆಗಿರುವವಳಿಗೆ, ಅಂಕಣದ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಅರಚಬಲ್ಲ ಗಂಟಲಿರುವವಳಿಗೆ ಹತ್ತು ಪದ ಏನು ಮಹಾ? ಆದರೆ ಒಂದು ವರ್ಷದಿಂದ ಆ ಹತ್ತು ಪದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಅಡ್ಡ ಕೂತಿತ್ತು. ಅನ್ನ ನುಂಗಿದರೂ ಇಳಿಯದು, ಕೆಮ್ಮಿದರೂ ಬಾರದು. ಇವತ್ತು ಶೃಂಗೇರಿಯಲ್ಲಿ ಕೊನೆಯ ಆಟ. ನಾಳೆಯಿಂದ ಅವಳಿಗೆ ತಂಡವೇ ಇರುವುದಿಲ್ಲ. ತಂಡವೇ ಇಲ್ಲದ ಮೇಲೆ ಯಾರ ಮುಂದೆ ಹೇಳುವುದು? ಹೇಳಿದರೆ ಇವತ್ತು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ ಎಂದು ಅವಳು ಕನ್ನಡಿಯಲ್ಲಿದ್ದವಳಿಗೆ ತಾಕೀತು ಮಾಡಿದಳು. ಕನ್ನಡಿಯಲ್ಲಿದ್ದವಳು ಒಪ್ಪಿದಳು. ಅವಳು ಯಾವಾಗಲೂ ಒಪ್ಪುತ್ತಾಳೆ, ಅವಳದ್ದೇನು ಹೋಗುತ್ತದೆ.

ಅಬ್ಬಾನ ಕುಶನ್ ಅಂಗಡಿ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ. ಅವಳು ಹೋಗುವಾಗ ಅಬ್ಬಾ ಬಷೀರ್ ಆಗಲೇ ಒಂದು ಜೀಪಿನ ಸೀಟನ್ನು ಬೋರಲು ಹಾಕಿಕೊಂಡು ಅದರ ಹೊಟ್ಟೆ ಬಗೆಯುತ್ತಿದ್ದರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ ಎಂಬುದು ಅವರ ಕಾನೂನು; ಮಗಳಿಗೂ ಅದರಲ್ಲಿ ರಿಯಾಯಿತಿ ಇಲ್ಲ. ಮೊದಲ ವರ್ಷ ಅವಳು ಎರಡೂ ಮೊಣಕಾಲು ತರಚಿಕೊಂಡು ಮನೆಗೆ ಬಂದ ದಿನ ಅಮ್ಮಿ ಜಹೀರಾ, ಇನ್ನು ಆಟವೂ ಬೇಡ ಗೀಟವೂ ಬೇಡ ಎಂದು ತೀರ್ಪು ಕೊಟ್ಟುಬಿಟ್ಟಿದ್ದಳು. ಅಬ್ಬಾ ಅಂಗಡಿಗೆ ಹೋಗಿ, ಯಾವುದೋ ಬಸ್ಸಿನ ಸೀಟಿಗೆ ಹಾಕಿ ಉಳಿದ ಕಂದು ಬಣ್ಣದ ರೆಕ್ಸಿನ್ ತುಂಡಿಗೆ ಸ್ಪಂಜು ತುಂಬಿ ಒಂದು ಜೊತೆ ನೀಕ್ಯಾಪ್ ಹೊಲಿದು ತಂದಿದ್ದರು. ಒಬ್ಬಳು ಹಾಕಿಕೊಂಡು ಉಳಿದ ಆರು ಜನ ತರಚಿಕೊಂಡರೆ ಚೆನ್ನಾಗಿರುವುದಿಲ್ಲ ಎಂದು ಮರುವಾರ ಏಳು ಜೊತೆ ಆಯಿತು. ಕೊಪ್ಪದ ಹುಡುಗಿಯರು ಮೊಣಕಾಲಿಗೆ ಬಸ್ಸಿನ ಸೀಟು ಕಟ್ಟಿಕೊಂಡು ಆಡಲು ಬರುತ್ತಾರೆ ಎಂದು ಮೂರು ತಾಲೂಕಿನಲ್ಲೂ ಹೆಸರಾಯಿತು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಆ ನಾಚಿಕೆಯೇ ಒಂದು ಜಂಬವಾಯಿತು.

‘ಇವತ್ತೇ ಕೊನೇದಾ?’ ಬಷೀರ್ ಕೇಳಿದರು.

‘ಹ್ಞೂ ಅಬ್ಬಾ.’

‘ಹಾಗಾದ್ರೆ ಏಳು ಜೊತೆನೂ ವಾಪಸ್ ತಗೊಂಬಾ. ಒಳಗಿನ ಸ್ಪಂಜು ಚೆನ್ನಾಗಿದೆ. ಫೈಜಲ್ ಆಟೋದ ಸೀಟಿಗೆ ಆಗ್ತದೆ.’

‘ಸೋತ್ರೂ ತರೋದಾ?’

‘ಸ್ಪಂಜಿಗೆ ಸೋಲು ಗೆಲುವು ಎಂತ ಗೊತ್ತಾಗ್ತದೆ ಮಗಾ’ ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಅವಳ ಮುಖ ನೋಡಿದರು. ಎಂಥ ಹೊಸ ರೆಕ್ಸಿನ್ ಹಾಕಿದ ಸೀಟಾದರೂ ಹೆಬ್ಬೆರಳಲ್ಲಿ ಒಮ್ಮೆ ಒತ್ತಿ, ಒಳಗೆ ಪುಡಿಯಾಗಿದೆಯೋ ಇಲ್ಲವೋ ಹೇಳುವ ಮನುಷ್ಯ ಅವರು. ‘ನಿದ್ದೆ ಬರ್ಲಿಲ್ವಾ?’ ಅಂದರು. ಬಂತು ಅಂದಳು ಅರ್ಶಿಯಾ, ಬ್ಯಾಗನ್ನು ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆ ಓಡಿದಳು. ಬಸ್ಸು ಹೊರಡಲು ಇನ್ನೂ ಹತ್ತು ನಿಮಿಷವಿತ್ತು.

ತ್ರಿಪುರ ಕಮ್ಮರಡಿಯಿಂದ ಮೊದಲ ಬಸ್ಸಿಗೇ ಬಂದು, ಶೃಂಗೇರಿ ಬಸ್ಸಿನ ಮೂರನೇ ಸೀಟಿನಲ್ಲಿ ಕಿಟಕಿ ಪಕ್ಕ ಕೂತು ಪಕ್ಕದ ಜಾಗಕ್ಕೆ ಟವೆಲ್ ಹಾಕಿದ್ದಳು. ಪೂರ್ತಿ ಹೆಸರು ತ್ರಿಪುರಸುಂದರಿ. ಅಷ್ಟುದ್ದ ಹೆಸರು ಕರೆದು ಮುಗಿಸುವಷ್ಟರಲ್ಲಿ ಚೆಂಡು ಬಿದ್ದು ಆಟವೇ ಮುಗಿದಿರುತ್ತದೆ ಎಂದು ತಂಡಕ್ಕೆ ಸೇರಿದ ಮೊದಲ ವಾರವೇ ಅದನ್ನು ಅರ್ಧಕ್ಕೆ ಕತ್ತರಿಸಿದ್ದರು. ‘ಬಾರೆ, ನಿಂಗೆ ಅಂತ ಇಟ್ಟಿದೀನಿ’ ಎಂದು ಟವೆಲ್ ತೆಗೆದಳು. ಅರ್ಶಿಯಾ ಕೂತಳು. ಒಂದು ವರ್ಷದಿಂದ ಹೀಗೇ, ತ್ರಿಪುರ ಅವಳಿಗೆ ಜಾಗ ಇಡುತ್ತಾಳೆ, ಟಿಫಿನ್ ಡಬ್ಬಿಯಿಂದ ಅರ್ಧ ಕೊಡುತ್ತಾಳೆ, ನೋಟ್ಸ್ ಕೊಡುತ್ತಾಳೆ. ಒಂದೇ ಒಂದು ಸಲ ಮುಖ ತಿರುಗಿಸಿದ್ದರೂ ಇಷ್ಟು ಕಷ್ಟವಾಗುತ್ತಿರಲಿಲ್ಲ. ಹಿಂದಿನ ಸೀಟುಗಳಲ್ಲಿ ಉಳಿದ ಹುಡುಗಿಯರು ಆಗಲೇ ಅಂತ್ಯಾಕ್ಷರಿಗೆ ಶುರುವಿಟ್ಟುಕೊಂಡಿದ್ದರು. ಮುಂದೆ ಡ್ರೈವರ್ ಪಕ್ಕ ಶಿವಶಂಕರಪ್ಪ ಸರ್, ತಂಡದ ದೈಹಿಕ ಶಿಕ್ಷಣ ನಿರ್ದೇಶಕರು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ತೂಕಡಿಸುತ್ತಿದ್ದರು. ದಾವಣಗೆರೆ ಕಡೆಯವರು, ಹದಿನೈದು ವರ್ಷ ಕೊಪ್ಪದಲ್ಲಿದ್ದರೂ ಈ ರಸ್ತೆಯ ತಿರುವುಗಳಿಗೆ ಅವರ ಹೊಟ್ಟೆ ಒಗ್ಗಿರಲಿಲ್ಲ. ಕಂಡಕ್ಟರ್ ದೇವಪ್ಪ ‘ಮುಂದೆ ಹೋಗಿ, ಮುಂದೆ ಹೋಗಿ, ಮಧ್ಯದಲ್ಲಿ ಅಷ್ಟು ಜಾಗ ಬಿಟ್ಟು ಎಂತ, ಗದ್ದೆ ಮಾಡ್ತೀರಾ?’ ಎಂದು ಜನರನ್ನು ಒತ್ತುತ್ತಿದ್ದ. ಎಲ್ಲವೂ ಇದ್ದ ಹಾಗೇ ಇತ್ತು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು ಎನ್ನಿಸಿ ಅರ್ಶಿಯಾ ಬಾಯಿ ತೆರೆದಳು. ‘ತ್ರಿಪುರಾ, ಹೋದ ವರ್ಷ’ ಎಂದಳು. ತ್ರಿಪುರ ತಿರುಗಿದಳು. ‘ಹೋದ ವರ್ಷ ಈ ಹೊತ್ತಿಗೆ ಇಷ್ಟು ಸೆಕೆ ಇರಲಿಲ್ಲ ಅಲ್ವಾ?’ ಎಂದು ಅರ್ಶಿಯಾಳ ಬಾಯಿಯೇ ಮುಗಿಸಿತು.

ಹೋದ ವರ್ಷ ಇದಕ್ಕಿಂತ ಹೆಚ್ಚೇ ಸೆಕೆ ಇತ್ತು. ನರಸಿಂಹರಾಜಪುರದ ಮೈದಾನದ ಕೆಂಪು ಧೂಳು ಬೆವರಿಗಂಟಿ ಎಲ್ಲರ ಕತ್ತಿನ ಮೇಲೂ ಕೆಮ್ಮಣ್ಣು ಬಳಿದಂತಾಗಿತ್ತು. ಮೂರು ಊರಿನ ಕಾಲೇಜುಗಳ ಪಂದ್ಯ ವರ್ಷಕ್ಕೊಂದು ಊರಿನಲ್ಲಿ. ಕೊನೆಗೆ ಉಳಿಯುವುದು ಮಾತ್ರ ಯಾವಾಗಲೂ ಕೊಪ್ಪ ಮತ್ತು ಶೃಂಗೇರಿ, ಗೆಲ್ಲುವುದು ಯಾವಾಗಲೂ ಶೃಂಗೇರಿ. ಥ್ರೋಬಾಲಿನಲ್ಲಿ ಮುಂದೆ ನಿಂತವಳಿಗೆ ಚೆಂಡು ಮಾತ್ರ ಕಾಣುತ್ತದೆ, ಹಿಂದೆ ನಿಂತವಳಿಗೆ ಚೆಂಡೂ ಕಾಣುತ್ತದೆ, ಅದು ಬೀಳುವ ಗೆರೆಯೂ ಕಾಣುತ್ತದೆ. ಆದ್ದರಿಂದ ಶಿವಶಂಕರಪ್ಪ ಸರ್ ತಂಡಕ್ಕೆ ಎರಡು ಕಟ್ಟಳೆ ಹಾಕಿದ್ದರು. ಹಿಂದಿನವಳು ಹಿಡಿ ಅಂದರೆ ಹಿಡಿಯಬೇಕು, ಬಿಡು ಅಂದರೆ ಬಿಡಬೇಕು, ಯಾಕೆ ಏನು ಅಂತ ಕೇಳುವ ಹಾಗಿಲ್ಲ. ಕೂಗಿದ್ದು ತಪ್ಪಾದರೆ ಕೂಗಿದವಳು ಆ ಕ್ಷಣವೇ ಕೈ ಎತ್ತಬೇಕು. ಕೈ ಎತ್ತಿದ ಮೇಲೆ ಅಲ್ಲಿಗೆ ಮುಗಿಯಿತು, ಆ ಮಾತನ್ನು ಯಾರೂ ಮತ್ತೆ ಆಡುವ ಹಾಗಿಲ್ಲ. ಕೊನೆಯ ಸೆಟ್, ಕೊನೆಯ ಪಾಯಿಂಟು. ಹಿಂದಿನ ಮೂಲೆಯಲ್ಲಿ ಅರ್ಶಿಯಾ, ಅವಳ ಮುಂದೆ ತ್ರಿಪುರ. ಚೆಂಡು ಎತ್ತರಕ್ಕೆ ಬಂತು. ಹೊರಗೆ ಹೋಗುತ್ತದೆ ಎಂದು ಅರ್ಶಿಯಾಳಿಗೆ ಕಂಡಿತು, ಕಂಡಿತು ಅಂದರೆ ಹಾಗಾಗಲಿ ಎಂಬ ಆಸೆ ಕಣ್ಣಿಗೆ ಬಂದು ಕೂತಿತ್ತು. ಬಿಡು ಎಂದಳು. ತ್ರಿಪುರ ಎತ್ತಿದ ಕೈಗಳನ್ನು ಕೆಳಗಿಳಿಸಿದಳು. ಚೆಂಡು ಗೆರೆಯಿಂದ ನಾಲ್ಕು ಬೆರಳು ಒಳಗೆ ಬಿತ್ತು. ಡೋಲು, ಶಿಳ್ಳೆ, ಕೂಗಾಟದ ಮಧ್ಯೆ ಬಿಡು ಎಂಬ ಮಾತು ತ್ರಿಪುರಳ ಕಿವಿ ಬಿಟ್ಟು ಬೇರೆ ಯಾರಿಗೂ ಕೇಳಿಸಿರಲಿಲ್ಲ. ‘ಯಾರವ್ವಾ ನಿನಗ ಬಿಡು ಅಂದಾಕಿ?’ ಎಂದು ಸರ್ ಅರಚಿಕೊಂಡು ಒಳಗೆ ನುಗ್ಗಿದರು. ತ್ರಿಪುರ ತಿರುಗಿ ಅರ್ಶಿಯಾಳನ್ನು ನೋಡಿದಳು. ಸುಮ್ಮನೆ ನೋಡಿದಳು. ಕೈ ಎತ್ತುವುದು ಅಷ್ಟೇ ಕೆಲಸ. ಅರ್ಶಿಯಾ ಕ್ಯಾಪ್ಟನ್ ಆಗಿ ಆಗ ಒಂದು ತಿಂಗಳಾಗಿತ್ತು. ಅವಳು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದಳು. ಲೇಸು ಬಿಚ್ಚಿಯೇ ಇರಲಿಲ್ಲ; ಅದನ್ನು ಬಿಚ್ಚಿ, ಮತ್ತೆ ಕಟ್ಟಿದಳು. ‘ಯಾರೂ ಇಲ್ಲ ಸಾರ್’ ಎಂದು ತ್ರಿಪುರ ಹೇಳಿದ್ದು ತಲೆಯ ಮೇಲಿಂದ ಕೇಳಿಸಿತು.

ಹರಿಹರಪುರದಲ್ಲಿ ಕಮಲಕ್ಕ ಹತ್ತಿದರು. ಆ ಬಸ್ಸಿನಲ್ಲಿ ದಿನಾ ಓಡಾಡುವ ಹೆಂಗಸು, ಯಾವುದೋ ಮದುವೆ ಅಡುಗೆಗೆ ಹೊರಟವರು, ಕಂಕುಳಲ್ಲಿ ಬಾಳೆಎಲೆಯ ದೊಡ್ಡ ಕಟ್ಟು. ‘ಸ್ವಲ್ಪ ಸರೀರೆ ಕೂಸುಗಳೇ’ ಎಂದು ಇಬ್ಬರು ಕೂರುವ ಸೀಟಿನಲ್ಲಿ ಇಬ್ಬರ ನಡುವೆಯೇ ಜಾಗ ಮಾಡಿಕೊಂಡು, ಎಲೆಕಟ್ಟನ್ನು ಮೂವರ ತೊಡೆಯ ಮೇಲೂ ಅಡ್ಡ ಇಟ್ಟರು. ಅರ್ಶಿಯಾಳಿಗೆ ಒಳಗೊಳಗೇ ಸಮಾಧಾನವಾಯಿತು, ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಈಗ ಹೇಳಬೇಕೆಂದರೂ ಕಮಲಕ್ಕನ ಮೂಲಕವೇ ಹೇಳಬೇಕು. ಕಮಲಕ್ಕ ಮೊದಲು ಅವಳ ಮೊಣಕಾಲು ನೋಡಿದರು, ಆಮೇಲೆ ತ್ರಿಪುರಳದ್ದು, ಆಮೇಲೆ ತಾವು ಕೂತ ಸೀಟನ್ನು.

‘ಎಂತದೇ ಇದು? ಬಸ್ಸಿನ ಸೀಟು ಹರ್ದು ಕಟ್ಟಿಕೊಂಡಿದ್ದಾ?’

‘ಹ್ಞೂ ಕಮಲಕ್ಕಾ’ ಎಂದಳು ತ್ರಿಪುರ ಗಂಭೀರವಾಗಿ. ‘ನಿಂತೇ ಹೋಗೋ ದಿನ ಬಂದ್ರೂ ಸೀಟು ನಮ್ಮ ಜೊತೇನೇ ಇರ್ತದೆ ಅಂತ.’

ಬಸ್ಸಿನ ಅರ್ಧ ಭಾಗ ನಕ್ಕಿತು. ಟಿಕೆಟ್ಟಿಗೆ ಬಂದಿದ್ದ ದೇವಪ್ಪನೂ ನಕ್ಕ. ತ್ರಿಪುರ ಹೀಗೆಯೇ. ಅವಳ ಮೇಲೆ ಎಸೆದದ್ದನ್ನು ಹಿಡಿದು ಇನ್ನೂ ಜೋರಾಗಿ ವಾಪಸ್ ಎಸೆಯುತ್ತಾಳೆ. ಕಾಲೇಜ್ ಡೇ ದಿನ ಫಿಶ್ ಪಾಂಡಿನಲ್ಲಿಯೂ ಹಾಗೇ ಆಗಿತ್ತು. ಹೆಸರು ಬರೆಯದೆ ಹಾಕಿದ ಚೀಟಿಗಳನ್ನು ಮೈಕಿನಲ್ಲಿ ಒಂದೊಂದಾಗಿ ಓದುತ್ತಿದ್ದರು. ‘ಮನೆ ಬಿಟ್ಟು, ಮಠ ಬಿಟ್ಟು ಹೆಸರು ಮಾಡಿದವರು ಎಷ್ಟೋ ಜನ. ಚೆಂಡು ಬಿಟ್ಟು ಹೆಸರು ಮಾಡಿದವರು ಒಬ್ಬರೇ. ತ್ರಿಪುರಸುಂದರಿ, ವೇದಿಕೆಗೆ ಬನ್ನಿ.’ ಬಹುಮಾನ ಎಂದು ಒಂದು ಪ್ಲಾಸ್ಟಿಕ್ ಜರಡಿ ಕೊಟ್ಟರು. ಏನು ಹಾಕಿದರೂ ಕೆಳಗೆ ಬೀಳುತ್ತದಲ್ಲ, ಅದಕ್ಕೆ. ತ್ರಿಪುರ ಅದನ್ನು ತೆಗೆದುಕೊಂಡು ಟೋಪಿಯ ಹಾಗೆ ತಲೆಗೆ ಹಾಕಿ ಎಲ್ಲರಿಗೂ ಸಲಾಮು ಮಾಡಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಎರಡನೇ ಸಾಲಿನಲ್ಲಿ ಕೂತಿದ್ದ ಅರ್ಶಿಯಾಳೂ ಚಪ್ಪಾಳೆ ತಟ್ಟಿದಳು. ತಟ್ಟದಿದ್ದರೆ ಯಾರಿಗಾದರೂ ಅನುಮಾನ ಬಂದೀತು ಎಂದು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ತಟ್ಟಿದಳು. ಈಗಲೂ ಎಲ್ಲಾದರೂ ಚಪ್ಪಾಳೆ ಕೇಳಿದರೆ ಅಂಗೈ ಉರಿಯುತ್ತದೆ. ಆ ಜರಡಿ ಏನಾಯಿತು ಎಂದು ಒಮ್ಮೆ ಹೇಗೋ ಧೈರ್ಯ ಮಾಡಿ ಕೇಳಿದ್ದಳು. ‘ಅಮ್ಮ ಅದ್ರಲ್ಲೇ ಅಕ್ಕಿಹಿಟ್ಟು ಜರಡಿ ಹಿಡಿಯೋದು. ಒಳ್ಳೇದಿದೆ’ ಅಂದಿದ್ದಳು ತ್ರಿಪುರ.

ಶೃಂಗೇರಿಯಲ್ಲಿ ಇಳಿಯುವಾಗ ಕಮಲಕ್ಕ ಕಟ್ಟಿನಿಂದ ಒಂದು ಎಲೆ ಎಳೆದು ಕೊಟ್ಟು, ಗೆದ್ದರೆ ಇದರಲ್ಲೇ ಊಟ ಮಾಡಿ ಎಂದರು. ಸೋತರೆ ಎಂದು ಹಿಂದಿನಿಂದ ಯಾರೋ ಕೇಳಿದ್ದಕ್ಕೆ, ಸೋತರೂ ಹಸಿವು ಅದೇ ಅಲ್ಲವೇನ್ರೇ ಅಂದುಬಿಟ್ಟರು. ಎಲೆಯನ್ನು ಹೊತ್ತು ಮೈದಾನದವರೆಗೆ ನಡೆಯುವ ಕೆಲಸ ಕ್ಯಾಪ್ಟನ್ನಿನ ಪಾಲಿಗೆ ಬಂತು. ಫೆಬ್ರವರಿಯ ಬಿಸಿಲು ಹದವಾಗಿ ಬಿದ್ದಿತ್ತು. ಬಸ್ಸಿನಿಂದಿಳಿದ ಪ್ರವಾಸಿಗಳೆಲ್ಲ ದೇವಸ್ಥಾನದ ಕಡೆ ಹೋಗುತ್ತಿರುವಾಗ ಏಳು ಹುಡುಗಿಯರು ಮಾತ್ರ ರೆಕ್ಸಿನ್ ಮೊಣಕಾಲು ಹಾಕಿಕೊಂಡು, ಒಂದು ಬಾಳೆಎಲೆಯ ಹಿಂದೆ, ಎದುರು ದಿಕ್ಕಿಗೆ ಸಾಲಾಗಿ ಹೊರಟಿದ್ದರು. ಮೈದಾನದಲ್ಲಿ ಶೃಂಗೇರಿ ತಂಡದ ಕ್ಯಾಪ್ಟನ್ ಶ್ರೀವಾಣಿ ಆಗಲೇ ಕೈ ಬಿಸಿ ಮಾಡಿಕೊಳ್ಳುತ್ತಿದ್ದಳು. ಉದ್ದ ಕೈಯ, ಮಾತು ಕಡಿಮೆಯ ಹುಡುಗಿ. ಹೋದ ವರ್ಷದ ಆ ಚೆಂಡನ್ನು ಎಸೆದವಳೂ ಅವಳೇ. ಅವಳು ಎಲೆ ನೋಡಿ ನಕ್ಕಳು. ಅರ್ಶಿಯಾ ಆಟಕ್ಕೆ ಮುಂಚೆಯಾದರೂ ಹೇಳಿಬಿಡೋಣವೆಂದು ಎಲ್ಲರನ್ನೂ ಸುತ್ತ ಕರೆದು ಭುಜಕ್ಕೆ ಭುಜ ಹಾಕಿಸಿದಳು. ಏಳು ತಲೆ ಹತ್ತಿರ ಬಂದವು. ಬೆವರು, ಪೌಡರು, ಯಾರೋ ತಿಂದ ನೀರುಳ್ಳಿ ಬಜ್ಜಿ, ಎಲ್ಲದರ ವಾಸನೆ ಬಂತು. ಈ ವಾಸನೆ ಇನ್ನು ತನಗೆ ಸಿಗುವುದಿಲ್ಲ ಎನ್ನಿಸಿ ಅವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ಕ್ಯಾಪ್ಟನ್ ಅತ್ತದ್ದು ಕಂಡು ಉಳಿದವರೂ ಮುಸುಮುಸು ಶುರುಮಾಡಿದರು. ಹತ್ತು ಪದಗಳ ವಾಕ್ಯ ಆ ಗಲಾಟೆಯಲ್ಲಿ ಎಲ್ಲೋ ಬಿದ್ದುಹೋಯಿತು.

ಮೊದಲ ಸೆಟ್ಟು ಹಾಳಾಯಿತು. ಹಾಳು ಮಾಡಿದ್ದು ತ್ರಿಪುರ ಎಂದು ನೋಡಿದವರಿಗೆಲ್ಲ ಕಾಣುತ್ತಿತ್ತು, ಹಾಳಾದದ್ದು ಯಾಕೆ ಎಂದು ಅರ್ಶಿಯಾಳಿಗೆ ಮಾತ್ರ ಕಾಣುತ್ತಿತ್ತು. ಹೋದ ವರ್ಷದಿಂದ ತ್ರಿಪುರ ಒಂದು ಚೆಂಡನ್ನೂ ಬಿಟ್ಟವಳಲ್ಲ. ಹೊರಗೆ ಹೋಗುವುದು, ತಲೆಯ ಮೇಲಿನದ್ದು, ಪಕ್ಕದವಳದ್ದು, ಎಲ್ಲದಕ್ಕೂ ಕೈ ಹಾಕುತ್ತಾಳೆ. ಹಿಂದಿನಿಂದ ಅರ್ಶಿಯಾ ಬಿಡು, ಬಿಡು ಎಂದು ಅರಚಿಕೊಂಡರೆ ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾಳೆ. ಇದು ಶ್ರೀವಾಣಿಗೆ ಹೇಗೋ ಗೊತ್ತಾಗಿತ್ತು. ಅವಳು ಬೇಕೆಂದೇ ಗೆರೆಯಾಚೆಗೆ ಉದ್ದುದ್ದ ಎಸೆಯುತ್ತಿದ್ದಳು. ಬಿಟ್ಟರೆ ಕೊಪ್ಪಕ್ಕೇ ಪಾಯಿಂಟು. ತ್ರಿಪುರ ಹಿಮ್ಮುಖ ಓಡಿ, ಹಾರಿ, ಬೆರಳ ತುದಿಯಲ್ಲಿ ಹಿಡಿದು, ಕಾಲು ಊರುವ ಮೊದಲೇ ಎಸೆಯಲು ಹೋಗಿ ನೆಟ್ಟಿಗೆ ಹಾಕುತ್ತಿದ್ದಳು, ಇಲ್ಲವೇ ಕೈಯಿಂದ ಜಾರಿಸುತ್ತಿದ್ದಳು. ಪ್ರತಿ ಸಲ ಬಿದ್ದಾಗಲೂ ಎದ್ದು, ರೆಕ್ಸಿನ್ ಮೊಣಕಾಲನ್ನು ಎರಡು ಸಲ ತಟ್ಟಿ ಧೂಳು ಹಾರಿಸಿ, ಸಾರಿ ಕಣೇ ಎನ್ನುತ್ತಿದ್ದಳು. ಐದನೇ ಸಾರಿಗೆ ಅರ್ಶಿಯಾಳಿಗೆ ಅರ್ಥವಾಯಿತು. ತಾನು ಒಂದು ಚೆಂಡನ್ನಲ್ಲ, ಈ ಹುಡುಗಿಯ ಆಟವನ್ನೇ ಕದ್ದಿದ್ದೇನೆ. ಮೊದಲ ವರ್ಷ ಇದೇ ತ್ರಿಪುರ ಗೆರೆ ಮೇಲೆ ಗುಲಗಂಜಿ ಇಟ್ಟರೂ ಒಳಗೋ ಹೊರಗೋ ಹೇಳುತ್ತಿದ್ದಳು. ಸೆಟ್ಟು ಮುಗಿದಾಗ ಹದಿನೈದು ಒಂಬತ್ತು.

ಮರದ ನೆರಳಿನಲ್ಲಿ ಸರ್ ಗ್ಲೂಕೋಸ್ ಡಬ್ಬಿ ಹಿಡಿದು ನಿಂತಿದ್ದರು. ಯಾರಿಗೂ ಕೊಡಲಿಲ್ಲ. ‘ಬಿಡೋ ಬಾಲು ಬಿಡಂಗಿಲ್ಲ, ಹಿಡಿಯೋ ಬಾಲು ಹಿಡಿಯಂಗಿಲ್ಲ! ಹೋದ ವರ್ಷ ಒಂದು ಬಿಟ್ಟು ಮಾನ ಕಳೆದಿ, ಈ ವರ್ಷ ಎಲ್ಲಾ ಹಿಡಿದು ಕಳೀತಿ. ಏನಾಗೇತವ್ವಾ ತ್ರಿಪುರಸುಂದ್ರಿ ನಿನಗ?’ ಸರ್ ಪೂರ್ತಿ ಹೆಸರು ಕರೆಯುವುದು ತೀರಾ ಸಿಟ್ಟು ಬಂದಾಗ ಮಾತ್ರ. ತ್ರಿಪುರ ಕಿತ್ತಳೆ ತೊಳೆ ಬಾಯಿಗೆ ಹಾಕಿಕೊಂಡು ನೆಲ ನೋಡುತ್ತಿದ್ದಳು. ಜರಡಿಯನ್ನು ಟೋಪಿ ಮಾಡಿಕೊಳ್ಳುವ ಹುಡುಗಿಗೆ ಇವತ್ತು ಒಂದು ಮಾತೂ ಸಿಗಲಿಲ್ಲ. ಅರ್ಶಿಯಾ ವಾಕ್ಯವನ್ನು ಹುಡುಕಿದಳು. ಅದು ಎಲ್ಲೂ ಇರಲಿಲ್ಲ. ಅವಳ ಕೈ ತಾನಾಗಿ ಮೇಲೆದ್ದಿತು.

‘ಏನವ್ವಾ, ಬಾತ್ರೂಮಿಗೇನು?’ ಎಂದರು ಸರ್.

‘ಅಲ್ಲ ಸಾರ್. ಬಿಡು ಅಂದಿದ್ದು ನಾನು.’

‘ಈಗ ಯಾರು ಏನು ಬಿಟ್ರು?’

‘ಈಗಲ್ಲ. ಹೋದ ವರ್ಷ. ಎನ್.ಆರ್. ಪುರದಲ್ಲಿ. ನಾನು ಹಿಂದಿದ್ದೆ, ನಾನೇ ಬಿಡು ಅಂದೆ, ಅದಕ್ಕೇ ಅವಳು ಬಿಟ್ಟಿದ್ದು. ಕೈ ಎತ್ತಬೇಕಿತ್ತು. ಎತ್ತಲಿಲ್ಲ.’

ಕಿತ್ತಳೆ ಜಗಿಯುವ ಸದ್ದು ನಿಂತಿತು. ಸರ್ ಸೀಟಿಯನ್ನು ಬಾಯಿಗಿಟ್ಟುಕೊಂಡರು, ಊದಲಿಲ್ಲ, ಹಾಗೇ ತೆಗೆದರು. ಒಂದು ವರ್ಷ ತಾವು ಆ ಹುಡುಗಿಗೆ ಅಂದದ್ದೆಲ್ಲ ಅವರ ಮುಖದ ಮೇಲೆ ಒಂದರ ಹಿಂದೆ ಒಂದು ಹಾದುಹೋಗುತ್ತಿರುವುದು ಕಾಣುತ್ತಿತ್ತು. ಅರ್ಶಿಯಾ ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದಳು. ಈಗ ತ್ರಿಪುರ ಅತ್ತರೆ? ಹೊಡೆದರೆ? ಹೊಡೆದರೆ ಒಳ್ಳೆಯದು, ಒಂದು ಲೆಕ್ಕವಾದರೂ ಮುಗಿಯುತ್ತದೆ. ತ್ರಿಪುರ ಬಾಯಲ್ಲಿದ್ದ ಕಿತ್ತಳೆ ಬೀಜವನ್ನು ಪಕ್ಕಕ್ಕೆ ಉಗಿದು, ನಿಧಾನವಾಗಿ ಹೇಳಿದಳು:

‘ಒಂದು ವರ್ಷ ಬೇಕಾಯ್ತಲ್ಲೇ ಮಾರಾಯ್ತಿ, ಲೇಸ್ ಕಟ್ಟಿ ಮುಗಿಸಕ್ಕೆ.’

ಅರ್ಶಿಯಾಳ ಕಿವಿಯವರೆಗೆ ರಕ್ತ ನುಗ್ಗಿತು. ಹಾಗಾದರೆ ನೋಡಿದ್ದಾಳೆ, ಲೇಸು ಬಿಚ್ಚಿ ಕಟ್ಟಿದ್ದನ್ನೂ ನೋಡಿದ್ದಾಳೆ. ‘ನೀನ್ಯಾಕೆ ಹೇಳ್ಲಿಲ್ಲ?’ ಎಂದಳು, ಕೇಳಿದ ಮೇಲೆ ಅದು ಎಂಥ ನಾಚಿಕೆಗೆಟ್ಟ ಪ್ರಶ್ನೆ ಎಂದು ತಿಳಿಯಿತು.

‘ಕೂಗಿದವಳು ಕೈ ಎತ್ತೋದು. ಕೇಳಿದವಳು ಬೆರಳು ತೋರಿಸೋದು ಅಂತ ಎಲ್ಲಿದೆ?’ ತ್ರಿಪುರ ಇನ್ನೊಂದು ಬೀಜ ಉಗಿದಳು. ‘ಮೊದಲನೇ ತಿಂಗಳು ನಿನ್ನ ಮುಖ ಕಂಡ್ರೆ ಆಗ್ತಿರಲಿಲ್ಲ. ಸುಳ್ಳು ಹೇಳಲ್ಲ. ಆಮೇಲೆ ನೋಡಿದ್ರೆ ನನಗಿಂತ ನೀನೇ ಸೊರಗಿದ್ದಿ. ಹಾಳಾಗಿ ಹೋಗ್ಲಿ, ಯಾವತ್ತಾದ್ರೂ ಹೇಳ್ತಾಳೆ ಅಂತ ಪಕ್ಕದಲ್ಲೇ ಜಾಗ ಇಟ್ಕೊಂಡು ಕೂತೆ. ಇವತ್ತೂ ಹೇಳದಿದ್ರೆ ವಾಪಸ್ ಹೋಗೋವಾಗ ನಿಂಗೆ ಸೀಟು ಇಡ್ತಿರಲಿಲ್ಲ.’

ಹಿಂದಿನಿಂದ ಯಾರೋ ಕಿಸಕ್ಕೆಂದರು. ನಗು ಹಬ್ಬಿತು. ಸರ್ ನಗಲಿಲ್ಲ. ಗ್ಲೂಕೋಸ್ ಡಬ್ಬಿಯನ್ನು ತೆರೆದು, ಚಮಚವಿಲ್ಲದೆ, ಮುಚ್ಚಳದ ತುಂಬ ಪುಡಿ ಸುರಿದು ಎಲ್ಲರಿಗಿಂತ ಮೊದಲು ತ್ರಿಪುರಳ ಕೈಗೆ ಕೊಟ್ಟರು. ‘ತಿನ್ನವ್ವಾ’ ಅಂದರು, ಬೇರೆ ಕಡೆ ನೋಡುತ್ತ. ಅವರಿಗೆ ಅದಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಅರ್ಶಿಯಾ ಕೈ ಇಳಿಸಿದಳು. ಹಗುರಾಗುತ್ತದೆ ಎಂದುಕೊಂಡಿದ್ದಳು, ಹಗುರಾಯಿತು ನಿಜ, ಆದರೆ ನೋವೂ ಆಗುತ್ತಿತ್ತು. ಕ್ಯಾಪ್ಟನ್ ಆಗಿ ಕೊನೆಯದಾಗಿ ಮಾಡಬಹುದಾದದ್ದು ಒಂದು ಅವಳಿಗೆ ಹೊಳೆಯಿತು.

‘ತ್ರಿಪುರಾ, ನೀನು ಹಿಂದೆ ನನ್ನ ಜಾಗಕ್ಕೆ ಹೋಗು. ನಾನು ನಿನ್ನ ಮುಂದೆ ನಿಲ್ತೀನಿ. ಇನ್ನು ಕೂಗೋಳು ನೀನು.’

‘ನಾನು ಕೂಗದೆ ಒಂದು ವರ್ಷ ಆಯ್ತು.’

‘ಗಂಟಲಿಗೆ ತುಕ್ಕು ಹಿಡಿಯಲ್ಲ, ಹೋಗೇ.’

ಎರಡನೇ ಸೆಟ್ಟಿನ ಮೊದಲ ನಾಲ್ಕು ಚೆಂಡಿಗೆ ಹಿಂದಿನಿಂದ ಸದ್ದೇ ಇಲ್ಲ. ಅರ್ಶಿಯಾ ತಿರುಗಿ ನೋಡಲಿಲ್ಲ. ಕಾಣದ ಗೆರೆಗೆ ಬೆನ್ನು ಹಾಕಿ ನಿಲ್ಲುವುದು ಎಷ್ಟು ಕಷ್ಟ ಎಂದು ಅವಳಿಗೆ ಈಗ ಗೊತ್ತಾಗುತ್ತಿತ್ತು. ಹೋದ ವರ್ಷದವರೆಗೆ ತ್ರಿಪುರ ತನ್ನನ್ನು ನಂಬಿ ಹೀಗೇ ನಿಂತಿದ್ದಳಲ್ಲ. ಐದನೇ ಚೆಂಡು ಶ್ರೀವಾಣಿಯ ಕೈಯಿಂದ ಎಂದಿನಂತೆ ಉದ್ದಕ್ಕೆ ಬಂದಾಗ ಹಿಂದಿನಿಂದ ಸಣ್ಣಗೆ, ಕೆಮ್ಮಿದಂತೆ, ‘ಬಿಡು’ ಎಂಬ ಮಾತು ಬಂತು. ಬಿಟ್ಟಳು. ಹೊರಗೆ ಬಿತ್ತು. ಮುಂದಿನದ್ದಕ್ಕೆ ‘ಬಿಡು’ ಸ್ವಲ್ಪ ಜೋರಾಯಿತು. ಅದೂ ಹೊರಗೆ. ಏಳನೆಯ ಹೊತ್ತಿಗೆ ತ್ರಿಪುರಳ ಗಂಟಲು ತೂಬು ಎತ್ತಿದ ಕೆರೆಯ ಹಾಗಾಯಿತು. ಹಿಡಿ, ಬಿಡು, ನಂದು, ಹೋಗ್ಲಿ ಹೋಗ್ಲಿ, ಹಿಡಿಯೇ ಕತ್ತೇ, ಎಂದೆಲ್ಲ ಮೈದಾನ ತುಂಬ ಅವಳದ್ದೇ ದನಿ. ಒಂದು ಕೂಗೂ ತಪ್ಪಲಿಲ್ಲ. ಬೇಲಿಯಾಚೆ ನಿಂತ ಶೃಂಗೇರಿ ಹುಡುಗರೇ ಅವಳ ಕೂಗಿಗೆ ಕೂಗು ಸೇರಿಸತೊಡಗಿದರು. ಹದಿನೈದು ಹನ್ನೊಂದು, ಕೊಪ್ಪದ ಸೆಟ್ಟು. ಮೂರನೆಯದರಲ್ಲಿ ಯಾರೂ ಯಾರನ್ನೂ ಬಿಟ್ಟುಕೊಡಲಿಲ್ಲ. ಅರ್ಶಿಯಾ ಅಷ್ಟು ಸಂತೋಷವಾಗಿ ಎಂದೂ ಆಡಿರಲಿಲ್ಲ. ಬಿದ್ದಳು, ಎದ್ದಳು, ಅಬ್ಬಾನ ರೆಕ್ಸಿನ್ ತಟ್ಟಿಕೊಂಡಳು. ಇದು ಕೊನೆಯ ಆಟ ಎಂಬುದು ನಡುವೆ ಮರೆತೇಹೋಗಿತ್ತು, ಹದಿಮೂರು ಹದಿನಾಲ್ಕು ಎಂದು ಅಂಪೈರ್ ಕೂಗಿದಾಗ ನೆನಪಾಯಿತು. ಶೃಂಗೇರಿಯವರಿಗೆ ಒಂದೇ ಪಾಯಿಂಟು ಬಾಕಿ.

ಶ್ರೀವಾಣಿ ಎಸೆದಳು. ಚೆಂಡು ಎತ್ತರಕ್ಕೆ ಬಂತು, ಸೂರ್ಯನನ್ನು ದಾಟಿ ಇಳಿಯತೊಡಗಿತು. ಅರ್ಶಿಯಾ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಎತ್ತಿದಳು. ಚೆಂಡು ನೇರ ಅವಳ ಅಂಗೈಗೇ ಬರುತ್ತಿತ್ತು. ಇದು ಒಳಗಿನ ಚೆಂಡು. ಇಷ್ಟು ವರ್ಷ ಆಡಿದ ಮೈಗೆ ನೋಡದೆಯೂ ಗೊತ್ತಾಗುತ್ತದೆ, ಇದು ಒಳಗೆ ಬೀಳುತ್ತದೆ.

‘ಬಿಡು!’

ಎಲ್ಲ ಹಿಂದಿನ ಕೂಗುಗಳಿಗಿಂತ ಜೋರಾಗಿ, ಎಳ್ಳಷ್ಟೂ ಅನುಮಾನವಿಲ್ಲದೆ ತ್ರಿಪುರ ಕೂಗಿದಳು. ಯಾಕೆ ಏನು ಎಂದು ಕೇಳುವಷ್ಟು ಹೊತ್ತು ಇತ್ತು. ಅರ್ಶಿಯಾಳ ಬೆರಳುಗಳಿಗೆ ಚೆಂಡಿನ ಗಾಳಿ ತಾಗಿತು. ಅವಳು ಕೈಗಳನ್ನು ಕೆಳಗಿಳಿಸಿದಳು.

ಹಿಂದೆ ಧಪ್ಪೆಂದು ಸದ್ದಾಯಿತು. ಅವಳು ತಿರುಗಲಿಲ್ಲ. ನೆಟ್ಟಿನಾಚೆ ಶ್ರೀವಾಣಿ ನೆಲದಿಂದ ಒಂದು ಮೊಳ ಮೇಲೆ ಹಾರಿದ್ದು ಕಂಡಿತು, ಅಷ್ಟು ಸಾಕಿತ್ತು. ಅಂಚಿನಲ್ಲಿ ಸರ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದರು. ‘ಅರ್ಶಿಯಾ! ಕೈಯಾಗ ಬಂದಿದ್ದನ್ನ ಯಾಕವ್ವಾ ಬಿ...’ ಎಂದು ಅವರ ಬಾಯಿ ಪೂರ್ತಿ ತೆರೆಯುವಷ್ಟರಲ್ಲಿ ಹಿಂದಿನಿಂದ ತ್ರಿಪುರಳ ದನಿ ಬಂತು. ‘ನಾನು! ನಾನು ಸಾರ್! ಬಿಡು ಅಂದಿದ್ದು ನಾನು!’ ಅರ್ಶಿಯಾ ಆಗ ತಿರುಗಿದಳು. ತ್ರಿಪುರ ತುದಿಗಾಲಲ್ಲಿ ನಿಂತು, ಬಲಗೈಯನ್ನು ಎಷ್ಟು ಎತ್ತಬಹುದೋ ಅಷ್ಟು ಎತ್ತಿದ್ದಳು, ಉತ್ತರ ಗೊತ್ತಿರುವ ಒಂದನೇ ಕ್ಲಾಸಿನ ಮಗುವಿನ ಹಾಗೆ. ಮುಖವೆಲ್ಲ ಧೂಳು, ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ಬಿದ್ದ ಚೆಂಡು ಇನ್ನೂ ಉರುಳುತ್ತಿತ್ತು, ಬೇಲಿಯವರೆಗೆ ಹೋಗಿ ಮುಟ್ಟಿರಲಿಲ್ಲ. ಇಷ್ಟೇ ಇತ್ತು ಅದು. ಒಂದು ಚೆಂಡು ಉರುಳಿ ನಿಲ್ಲುವುದರೊಳಗೆ ಮುಗಿಯುವಷ್ಟು. ಇಷ್ಟಕ್ಕೆ ತಾನು ಒಂದು ವರ್ಷ ತೆಗೆದುಕೊಂಡೆನಲ್ಲ ಎಂದು ಅರ್ಶಿಯಾಳಿಗೆ ಅಳು ಬಂತು. ಆ ಕೈ ನೋಡಿ, ಅಳುವಿನ ಮಧ್ಯದಲ್ಲೇ ಹೊಟ್ಟೆ ಹಿಡಿದುಕೊಂಡು ನಗುವೂ ಬಂತು. ಒಬ್ಬಳು ನಕ್ಕಳು, ಇನ್ನೊಬ್ಬಳು ನಕ್ಕಳು. ಸೋತ ತಂಡ ಅಂಕಣದ ನಡುವೆ ಕೂತು ಹೀಗೆ ಬಿದ್ದು ಬಿದ್ದು ನಗುವುದನ್ನು ಕಂಡು ಗೆದ್ದವರು ಕುಣಿಯುವುದನ್ನೇ ನಿಲ್ಲಿಸಿ ನೋಡಿದರು.

ಕೈ ಕುಲುಕಲು ಬಂದ ಶ್ರೀವಾಣಿ ಅನುಮಾನದಿಂದಲೇ ಕೇಳಿದಳು. ‘ಬಾಲ್ ನಿಮ್ಮ ಕೈಗೇ ಬಂದಿತ್ತಲ್ಲ, ಎಂತಕ್ಕೆ ಬಿಟ್ರಿ?’

‘ಹಿಂದಿನವಳು ಬಿಡು ಅಂದ್ಲು.’

‘ಒಳಗೆ ಬೀಳ್ತದೆ ಅಂತ ನಿಮಗೆ ಗೊತ್ತಾಗ್ಲಿಲ್ವಾ?’

‘ಗೊತ್ತಾಯ್ತು’ ಎಂದಳು ಅರ್ಶಿಯಾ.

ಶ್ರೀವಾಣಿಗೆ ಅರ್ಥವಾಗಲಿಲ್ಲ. ಆದರೂ ಕೈಯನ್ನು ಇನ್ನೊಮ್ಮೆ ಗಟ್ಟಿಯಾಗಿ ಕುಲುಕಿ ಹೋದಳು. ಮರದ ಕೆಳಗೆ ಯಾರೋ ಕಮಲಕ್ಕನ ಎಲೆ ಹಾಸಿ ಉಳಿದ ಕಿತ್ತಳೆಗಳನ್ನೆಲ್ಲ ಅದರ ಮೇಲೆ ಸುಲಿದು ಹಾಕುತ್ತಿದ್ದರು. ತ್ರಿಪುರ ಮಾತ್ರ ಇನ್ನೂ ಮೂಲೆಯಲ್ಲೇ, ಕೈ ಮೇಲೆ ಮಾಡಿಕೊಂಡೇ ನಿಂತಿದ್ದಳು. ‘ಸಾರ್, ಕೈ ಇಳಿಸ್ಲಾ?’ ಎಂದು ಕೂಗಿದಳು. ಸರ್ ಗ್ಲೂಕೋಸ್ ಪುಡಿ ಬಾಯಿಗೆ ಹಾಕಿಕೊಂಡಿದ್ದರಿಂದ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅರ್ಶಿಯಾಳೇ ಹೋಗಿ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು. ಮಣ್ಣು, ಬೆವರು, ಕಿತ್ತಳೆಯ ಅಂಟು.

‘ಬಿಡೇ ಮಾರಾಯ್ತಿ, ಕೈಯೆಲ್ಲ ಕೊಳೆ’ ಅಂದಳು ತ್ರಿಪುರ.

ಈ ಸಲ ಅರ್ಶಿಯಾ ಅವಳ ಮಾತು ಕೇಳಲಿಲ್ಲ.